ಮರಳ ದಿಬ್ಬದ ನೆತ್ತಿಯಲ್ಲಿ ಒಂಬತ್ತು ಹಾಡಿನಷ್ಟು ಹೊತ್ತು

ಮುಐದರ್

ನನಗೆ ಗೊತ್ತಿರುವ ಜಾಝ್ ಆಲ್ಬಂ ಒಂದೇ. ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದೂ ಒಂದೇ ಸಲ. ಆದರೆ ಅದರ ಮೇಲೆ ಯಾರಾದರೂ ಪ್ರಶ್ನೆಪತ್ರಿಕೆ ತೆಗೆದರೆ ನೂರಕ್ಕೆ ನೂರು ಅಂಕ ನನ್ನದು. ಯಾವ ಹಾಡಿನಲ್ಲಿ ಪಿಯಾನೋದವನು ಕೆಮ್ಮುತ್ತಾನೆ, ಯಾವುದರ ಕೊನೆಯಲ್ಲಿ ಕುರ್ಚಿ ಕಿರುಗುಡುತ್ತದೆ, ಎಲ್ಲ ಹೇಳಬಲ್ಲೆ. ಸಂಗೀತ ಕೇಳುವಾಗ ತಲೆದೂಗಬೇಕು, ತೊಡೆ ತಟ್ಟಬೇಕು ಎನ್ನುತ್ತಾರೆ. ನಾನು ಎರಡನ್ನೂ ಮಾಡಲಿಲ್ಲ. ಮಾಡಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಕತಾರಿಗೆ ಹೋದದ್ದು ತಂಗಿಯ ಮನೆಗೆ. ನಾನು ಕಾರ್ಕಳದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಜನವರಿಯಲ್ಲಿ ಹತ್ತು ದಿನ ರಜೆ ಹಾಕಿ, ದೊಡ್ಡಮ್ಮನನ್ನು ಜೊತೆಗೆ ಕಟ್ಟಿಕೊಂಡು ಹೊರಟಿದ್ದೆ. ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ, ಮೂಲ್ಕಿಯವಳು, ಎಪ್ಪತ್ತೆರಡು ವರ್ಷ. ತೂಕ ಎಷ್ಟೆಂದು ಕೇಳಿದರೆ "ಮದುವೆಯಾಗುವಾಗ ನಲವತ್ತೆಂಟು ಇತ್ತು" ಎಂದಷ್ಟೇ ಹೇಳುತ್ತಾಳೆ. ವಿಮಾನದಲ್ಲಿ ಬೆಲ್ಟ್ ಸಾಲದೆ ಇನ್ನೊಂದು ತುಂಡು ಜೋಡಿಸಿದಾಗ, "ಇದು ಮಕ್ಕಳ ಸೀಟು" ಎಂದು ಗಗನಸಖಿಗೆ ತುಳುವಿನಲ್ಲೇ ತಿಳಿಸಿದ್ದಳು. ಅವಳ ತೂಕದ ಬಗ್ಗೆ ನಾವು ಅಕ್ಕತಂಗಿಯರು ಇಷ್ಟು ವರ್ಷ ಮಾಡಿದ ತಮಾಷೆಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ.

ತಂಗಿ ಇರುವುದು ದೋಹಾದ ಹೊರವಲಯದ ಮುಐದರ್‌ನ ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದೊಡನೆ ಹೊಟ್ಟೆ ಉರಿಸಿಕೊಂಡವರು ಸಮಾಧಾನ ಮಾಡಿಕೊಳ್ಳಬಹುದು. ಆ ಒಂದು ವಿಲ್ಲಾವನ್ನು ಏಳು ಸಂಸಾರಕ್ಕೆ ಪಾಲು ಮಾಡಿದ್ದಾರೆ. ತಂಗಿಯ ಪಾಲಿಗೆ ಬಂದದ್ದು ಹಿಂದೆ ಯಾರದೋ ಅತಿಥಿಗಳು ಕೂರುತ್ತಿದ್ದ ಕೋಣೆ. ಅದರ ಬಾಗಿಲಲ್ಲಿ ಆನೆ ಹೋಗಬಹುದು. ಅಡುಗೆಮನೆಯಲ್ಲಿ ಮಾತ್ರ ಇಬ್ಬರು ನಿಂತರೆ ಒಬ್ಬರು ಉಸಿರು ಬಿಡುವಾಗ ಇನ್ನೊಬ್ಬರು ಎಳೆದುಕೊಳ್ಳಬೇಕು. ಗೋಡೆಯಾಚೆಯ ಮಲಯಾಳಿಗಳ ಕುಕ್ಕರ್ ಕೂಗಿದರೆ ತಂಗಿ ಇಲ್ಲಿ ಗ್ಯಾಸ್ ಆರಿಸಲು ಓಡುತ್ತಾಳೆ.

"ಶನಿವಾರ ಮರಳಿನ ಒಳಗಿನ ಸಮುದ್ರ ತೋರಿಸ್ತೇನೆ ಅಕ್ಕ," ಎಂದ ತಂಗಿಯ ಗಂಡ ಸುಧಾಕರ. ಒಂದು ಕಟ್ಟಡ ಕಂಪೆನಿಯ ಆಫೀಸಿನಲ್ಲಿ ಅವನ ಕೆಲಸ. ಮನೆಯಲ್ಲಿ ಚಟ್ನಿ ಅರೆಯಬೇಕಾದರೂ 'ಅಪ್ರೂವಲ್' ಎನ್ನುತ್ತಾನೆ.

ದೊಡ್ಡಮ್ಮ ಕೇಳಿದಳು: "ಮೂಲ್ಕಿಯವಳಿಗೆ ಸಮುದ್ರ ತೋರಿಸ್ಲಿಕ್ಕೆ ಇಷ್ಟು ದೂರ ಕರ್ಕೊಂಡು ಬಂದದ್ದಾ?"

"ಇದು ಬೇರೆ ದೊಡ್ಡಮ್ಮ. ಸುತ್ತ ಮರುಭೂಮಿ, ನಡುವೆ ಸಮುದ್ರ."

"ನಮ್ಮಲ್ಲಿಯೂ ಹಾಗೇ. ಸುತ್ತ ಮನೆ, ನಡುವೆ ಸಮುದ್ರ. ಆಟಿ ತಿಂಗಳ ಮಳೆಯಲ್ಲಿ ಬಂದು ನೋಡು."

ಮಕ್ಕಳಿಗೆ ಪರೀಕ್ಷೆಯೆಂದು ತಂಗಿ ಮನೆಯಲ್ಲೇ ಉಳಿದಳು. ಶನಿವಾರ ಬೆಳಿಗ್ಗೆ ಗಾಡಿ ತಂದವರು ಹಮೀದಾಕ.

ಅಬು ಹಮೂರ್ ದಾಟಿ

ಹಮೀದಾಕ ವಿಟ್ಲದ ಕಡೆಯ ಬ್ಯಾರಿ ಮುಸ್ಲಿಮರು. ಮೂವತ್ತು ವರ್ಷದ ಹಿಂದೆ ವಿಟ್ಲ–ಮಂಗಳೂರು ಬಸ್ಸು ಓಡಿಸುತ್ತಿದ್ದವರು. ಈಗ ದೋಹಾದಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ, ಅಲ್ ಅಜೀಜಿಯಾದಲ್ಲಿ ಮನೆ, ಸುಧಾಕರನಿಗೆ ಅಣ್ಣನ ಹಾಗೆ. ನಮ್ಮೊಡನೆ ಅವರ ಮಾತು ತುಳು, ಮನೆಗೆ ಫೋನ್ ಮಾಡಿದರೆ ಬ್ಯಾರಿ, ಸಿಗ್ನಲ್‌ನಲ್ಲಿ ಹಿಂದಿನಿಂದ ಹಾರ್ನ್ ಹೊಡೆದವರಿಗೆ ಅರಬ್ಬಿ. ನಾನು ಇಲ್ಲಿ ಎಲ್ಲವನ್ನೂ ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಗಾಡಿ ಹಳೆಯ ಫೋರ್‌ವೀಲ್. ಯಾರೋ ಅಮೆರಿಕದ ಇಂಜಿನಿಯರ್ ಊರಿಗೆ ಮರಳುವಾಗ ಮಾರಿಹೋದದ್ದು. ಕೀ ತಿರುಗಿಸಿದ ಕೂಡಲೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹಾಡತೊಡಗಿದಳು.

"ಸ್ವಲ್ಪ ಸಣ್ಣ ಮಾಡ್ತೀರಾ ಹಮೀದಾಕ?" ಎಂದೆ.

"ಆಗುವುದಿಲ್ಲ ಟೀಚರೇ. ಸಿಡಿ ಒಳಗೆ ಸಿಕ್ಕಿಕೊಂಡಿದೆ. ಬಟನ್ ಎಲ್ಲ ಖಲಾಸ್. ಇಂಜಿನ್ ಇರುವಷ್ಟು ಹೊತ್ತು ಇವಳೂ ಇರ್ತಾಳೆ."

"ಎಷ್ಟು ಸಮಯದಿಂದ?"

"ಆರು ವರ್ಷ. ನನ್ನ ಹೆಂಡತಿ ಈ ಗಾಡಿ ಹತ್ತುವುದಿಲ್ಲ. ಒಂದು ಗಾಡಿಯಲ್ಲಿ ಇಬ್ಬರು ಹೆಂಗಸರು ಮಾತಾಡಬಾರದಂತೆ."

ಸಿಡಿಯ ಖಾಲಿ ಡಬ್ಬಿಯೂ ಅದರ ಪುಸ್ತಿಕೆಯೂ ಸೀಟಿನ ಹಿಂದಿನ ಚೀಲದಲ್ಲಿದ್ದವು. ಮುಖಪುಟದಲ್ಲಿ ಒಬ್ಬಳು ಅಡುಗೆಮನೆಯ ಕುರ್ಚಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಹಾಡು ಬರೆದವಳೂ ಹಾಡಿದವಳೂ ಅವಳೇ. ಮೊದಲೆಲ್ಲ ಗಿಟಾರ್ ಹಿಡಿದು ಒಬ್ಬಳೇ ಹಾಡುತ್ತಿದ್ದವಳು, ಇದೊಂದು ಸಲ ಜಾಝ್ ನುಡಿಸುವವರ ಜೊತೆ ಸ್ಟುಡಿಯೋದಲ್ಲಿ ಕೂತಿದ್ದಾಳೆ. ಎಲ್ಲರೂ ಒಂದೇ ಕೋಣೆಯಲ್ಲಿ, ಮೂರು ದಿನ, ತಪ್ಪು ಬಿದ್ದರೂ ತಿದ್ದಿಲ್ಲ ಎಂದು ಪುಸ್ತಿಕೆಯಲ್ಲಿ ಹೆಮ್ಮೆಯಿಂದ ಬರೆದಿತ್ತು. ನನ್ನ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡಿನ ಹಾಗೆ.

"ಇದರಲ್ಲಿ ಒಂಬತ್ತು ಹಾಡು ಅಂತ ಉಂಟಲ್ಲ, ಆರೇ ಬಂತು!" ಎಂದೆ, ಅಬು ಹಮೂರ್ ಬಡಾವಣೆ ದಾಟಿದ ಮೇಲೆ, ಅರ್ಧ ದಾರಿಯಲ್ಲಿ. ಆರನೆಯದು ಮುಗಿಯುವಾಗ ಏನೋ ತೊದಲಿ ಮತ್ತೆ ಮೊದಲ ಹಾಡೇ ಶುರುವಾಗಿತ್ತು.

"ಅಲ್ಲೊಂದು ಗೀರು ಉಂಟು. ಆರು ವರ್ಷದಿಂದ ಆರೇ. ಉಳಿದ ಮೂರು ಹೇಗಿದೆಯೋ, ಯಾರಿಗೆ ಗೊತ್ತು?" ಎಂದರು ಹಮೀದಾಕ, ಮದುವೆಯಾಗದ ಮಗಳ ಬಗ್ಗೆ ಮಾತಾಡುವವರ ಧ್ವನಿಯಲ್ಲಿ.

ದೊಡ್ಡಮ್ಮನಿಗೆ ಹಾಡು ಹಿಡಿಸಿತು. ಹಾಡಿದವಳಲ್ಲ, ಅವಳ ಹಿಂದಿದ್ದ ಸ್ಯಾಕ್ಸೊಫೋನ್. ನಮ್ಮ ಕಡೆ ಸ್ಯಾಕ್ಸೊಫೋನ್ ಇಲ್ಲದೆ ಮದುವೆಯಿಲ್ಲ. ಮಂಟಪದ ಬದಿಯಲ್ಲಿ ಬಿಳಿ ಪಂಚೆ ಉಟ್ಟು ಕೂತು ಆ ಬಂಗಾರ ಬಣ್ಣದ ಕೊಳವೆ ಊದುವವರನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು. ಅದು ಹೊರದೇಶದಿಂದ ಬಂದ ವಾದ್ಯವೆಂದರೆ ಜಗಳಕ್ಕೆ ಬರುತ್ತಾಳೆ.

"ಊದುವವನು ಅಡ್ಡಿಯಿಲ್ಲ. ಯಾವ ಊರಿನವನು?"

"ಅಮೆರಿಕದವನು ದೊಡ್ಡಮ್ಮ."

"ಅದು ಸರಿ, ಮೂಲ ಎಲ್ಲಿ?"

ನಾನು ಪುಸ್ತಿಕೆ ತಿರುವಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: "ಈ ಹೆಂಗಸು ಯಾಕೆ ನಡುನಡುವೆ ಬರ್ತಾಳೆ? ಅವನಿಗೆ ಊದ್ಲಿಕ್ಕೇ ಬಿಡುವುದಿಲ್ಲ."

ಗಾಳಿ ಬಿಡುವ ಜಾಗ

ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ಎಲ್ಲರೂ ಗಾಡಿ ನಿಲ್ಲಿಸಿ ಚಕ್ರದ ಗಾಳಿ ಇಳಿಸುತ್ತಾರೆ. ಗಾಳಿ ಕಡಿಮೆಯಾದರೆ ಚಕ್ರ ಅಗಲವಾಗಿ ಮರಳಿನ ಮೇಲೆ ಹರಡಿಕೊಳ್ಳುತ್ತದೆ, ಹೂತುಹೋಗುವುದಿಲ್ಲ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನಾನು ದೊಡ್ಡಮ್ಮನಿಗೆ ವಿವರಿಸಿದೆ. ಅವಳು ಕೇಳಿದ್ದು ಬೇರೆ: "ನಮ್ಮೂರಲ್ಲಿ ಪಂಕ್ಚರ್ ಆದರೆ ಅಳ್ತಾರೆ, ಇಲ್ಲಿ ಇವರೇ ಮಾಡ್ಕೊಳ್ತಾರಾ?"

ಹಮೀದಾಕ ಬೆಂಕಿಕಡ್ಡಿಯಿಂದ ಒತ್ತಿ ಒಂದೊಂದೇ ಚಕ್ರದ ಗಾಳಿ ಬಿಡುತ್ತಿದ್ದಾಗ ದೊಡ್ಡಮ್ಮ ಸೀರೆಯ ಕೆಳಗೆ ತಂಗಿಯ ಬೂಟು ಹಾಕಿಕೊಂಡು ಸುತ್ತ ನೋಡಿದಳು. ಕಣ್ಣು ಹಾಯುವವರೆಗೆ ಮರಳು. ಬೆಟ್ಟದಂಥ ಮರಳು. ಹೊಂಬಣ್ಣದ ನುಣುಪು ಮರಳು.

"ಇಷ್ಟು ಮರಳು ಬಿದ್ದಿದೆ, ಒಂದು ಟಿಪ್ಪರ್ ಲಾರಿ ಇಲ್ಲ!" ಎಂದಳು. "ಕಾವಲಿಗೆ ಪೊಲೀಸರೂ ಇಲ್ಲ. ನಮ್ಮವರಿಗೆ ಇನ್ನೂ ಗೊತ್ತಾಗಿಲ್ಲ ಕಾಣ್ತದೆ."

ಒಂಟಿ ಗಾಡಿಯಲ್ಲಿ ಮರಳಿಗೆ ಇಳಿಯಬಾರದೆಂಬುದು ಅಲ್ಲಿಯ ನಿಯಮ. ಸುಧಾಕರ ಅದಕ್ಕೆ ನಕ್ಕ. "ಶನಿವಾರ ಇಲ್ಲಿ ಮಂಗಳೂರಿನ ಹಂಪನಕಟ್ಟೆಯ ಹಾಗೆ ಅಕ್ಕ. ಒಂಟಿಯಾಗ್ಲಿಕ್ಕೆ ಜಾಗ ಬೇಕಲ್ಲ?" ಮಾತು ಸರಿಯೇ. ಗಾಡಿಗಳು ಇರುವೆಗಳಂತೆ ದಿಬ್ಬ ಹತ್ತಿ ಇಳಿಯುತ್ತಿದ್ದವು. ಆದರೆ ಹತ್ತು ನಿಮಿಷದಲ್ಲಿ ಅವನೇ, "ಎಲ್ಲರೂ ಹೋಗುವಲ್ಲಿ ಎಂತ ಉಂಟು? ಬಲಕ್ಕೆ ಹೋಗುವ ಹಮೀದಾಕ, ಅಲ್ಲೊಂದು ದಿಬ್ಬದಿಂದ ನೇರ ಕೆಳಗೆ ಸಮುದ್ರ ಕಾಣ್ತದೆ, ವಿಡಿಯೋ ನೋಡಿದ್ದೇನೆ" ಎಂದ. ನಾವು ಬಲಕ್ಕೆ ಹೋದೆವು.

ದಿಬ್ಬದ ನೆತ್ತಿ

ಮರಳ ದಿಬ್ಬಕ್ಕೆ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಛಾವಣಿಯ ಹಾಗೆ ಕಡಿದು. ಇಳಿಜಾರಿನಲ್ಲಿ ವೇಗವಾಗಿ ಹತ್ತಿ, ನೆತ್ತಿಯಲ್ಲಿ ವೇಗ ಇಳಿಸಿ, ಆಚೆ ಬದಿಗೆ ಮೂಗು ನೇರ ಮಾಡಿ ಜಾರಬೇಕು. ಯಾವ ಕಾರಣಕ್ಕೂ ನೆತ್ತಿಯಲ್ಲಿ ನಿಲ್ಲಬಾರದು. ಇದನ್ನು ಹಮೀದಾಕ ಹತ್ತುವಾಗಲೇ ನಮಗೆ ಹೇಳುತ್ತಿದ್ದರು. ಹೇಳುತ್ತಿದ್ದಂತೆಯೇ ನೆತ್ತಿ ಬಂತು. ಆಚೆ, ಪಾತಾಳದಲ್ಲಿ, ನೀಲಿಯಾಗಿ ನೀರು.

"ನಿಲ್ಲಿಸಿ! ನಿಲ್ಲಿಸಿ!" ದೊಡ್ಡಮ್ಮ ಕೂಗಿದಳು. "ಸಮುದ್ರ! ಕೈ ಮುಗಿಯದೆ ದಾಟುವುದಾ?"

ಓಡುವ ಗಾಡಿಯಿಂದ ಕೈ ಮುಗಿದರೆ ಅದು ದೇವರಿಗೆ ಮುಟ್ಟುವುದಿಲ್ಲವೆಂದು ಅವಳ ನಂಬಿಕೆ. ನಮ್ಮೂರಿನ ಬಸ್ಸುಗಳು ಅವಳಂಥವರಿಗಾಗಿಯೇ ದಾರಿಬದಿಯ ಕಾಣಿಕೆ ಡಬ್ಬಿಗಳ ಮುಂದೆ ಒಂದು ಕ್ಷಣ ನಿಂತು ಹೋಗುತ್ತವೆ. ಹಮೀದಾಕನ ತಲೆ ಏನು ಹೇಳಿತೋ ಗೊತ್ತಿಲ್ಲ, ಕಾಲು ಮಾತ್ರ ಮೂವತ್ತು ವರ್ಷ ಹಿಂದಿನ ವಿಟ್ಲ–ಮಂಗಳೂರು ಬಸ್ಸಿನದ್ದು. ಮುದುಕಿಯೊಬ್ಬಳು ಹಿಂದಿನಿಂದ ನಿಲ್ಲಿಸಿ ಎಂದಳು. ಕಾಲು ಬ್ರೇಕ್ ಒತ್ತಿತು.

ಗಾಡಿಯ ಹೊಟ್ಟೆ ನೆತ್ತಿಯ ಅಂಚಿನ ಮೇಲೆ ಧಪ್ಪೆಂದು ಕೂತಿತು. ಕುಲುಕಿಗೆ ಸಿಡಿ ಮೊದಲಿನಿಂದ ಶುರುವಾಯಿತು. ಮನೆಯೆಲ್ಲ ಗುಡಿಸಿ ಒರೆಸಿ ಯಾರಿಗೋ ಕಾಯುತ್ತ ಕೂತವಳ ಹಾಡು ಅದು.

ದೊಡ್ಡಮ್ಮ ನೆಮ್ಮದಿಯಾಗಿ ಕೈ ಮುಗಿದಳು. "ಸಾಕು. ಇನ್ನು ಹೋಗುವ."

ಯಾರೂ ಹೋಗಲಿಲ್ಲ. ಮುಂದಿನ ಎಡಚಕ್ರ, ಎಂದರೆ, ಅಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ, ಹಮೀದಾಕ ಕೂತ ಮೂಲೆ, ಗಾಳಿಯಲ್ಲಿತ್ತು. ಅದಕ್ಕೆ ಕರ್ಣದಲ್ಲಿ, ದೊಡ್ಡಮ್ಮ ಕೂತ ಹಿಂದಿನ ಬಲಮೂಲೆಯ ಚಕ್ರ ಮರಳಿಗೆ ಮುಟ್ಟಿಯೂ ಮುಟ್ಟದ ಹಾಗಿತ್ತು. ಗಾಡಿ ಒಮ್ಮೆ ಮುಂದಕ್ಕೆ ತೂಗಿತು, ಮತ್ತೆ ಹಿಂದಕ್ಕೆ ಬಂತು. ಮುಂದಿನ ಗಾಜಿನಲ್ಲಿ ಆಕಾಶ ಹೋಗಿ ನೀರು ಬಂತು, ನೀರು ಹೋಗಿ ಆಕಾಶ ಬಂತು.

"ಅಲುಗಾಡ್ಬೇಡಿ," ಎಂದರು ಹಮೀದಾಕ. ಬಾಯಿ ಮಾತ್ರ ಆಡಿತು, ಕುತ್ತಿಗೆ ತಿರುಗಲಿಲ್ಲ. "ನೇರ ಇಳಿದರೆ ಹೆದರಿಕೆ ಇಲ್ಲ. ನಾವು ಓರೆ ನಿಂತಿದ್ದೇವೆ. ಓರೆಯಲ್ಲಿ ಜಾರಿದರೆ ಪಲ್ಟಿ. ನೀರಿನವರೆಗೆ ಪಲ್ಟಿ."

"ಇಂಜಿನ್ ಆಫ್ ಮಾಡಿ ಹಮೀದಾಕ," ಎಂದ ಸುಧಾಕರ.

"ಆಫ್ ಮಾಡಿದರೆ ಬ್ರೇಕ್ ಕಲ್ಲಾಗ್ತದೆ, ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಇವಳು ಹಾಡ್ಲಿ. ನೀನು ಸುಮ್ಮನೆ ಕೂತ್ಕೋ."

ಅದೇ ಜಾಗ, ಮೂರನೇ ಹಾಡು

ಪ್ರವಾಸ ಬರೆಯುವವರು ಒಂದೊಂದು ಊರಿಗೆ ಒಂದೊಂದು ತಲೆಬರಹ ಕೊಡುತ್ತಾರೆ. ನನಗೆ ಇಲ್ಲಿಂದ ಮುಂದೆ ಬೇರೆ ಊರಿಲ್ಲ.

ತೂಕದ ಲೆಕ್ಕವನ್ನು ನಾನು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಆಧಾರ ಬಿಂದುವಿಗೆ ಒಂದು ತ್ರಿಕೋನ, ಅದರ ಮೇಲೊಂದು ಹಲಗೆ, ಆಚೆಗೊಂದು ಈಚೆಗೊಂದು ಬಾಣ. ಆ ದಿನ ಹಲಗೆಯ ಮೇಲೆ ನಾನೇ ಕೂತಿದ್ದೆ. ಮುಂದಿನಿಂದ ತೂಕ ಕಳೆಯಬೇಕು, ಹಿಂದಿನದು ಒಂದು ಚೂರೂ ಕಳೆಯಬಾರದು. ಹಿಂದಿನ ತೂಕವೆಂದರೆ ಮುಕ್ಕಾಲು ಪಾಲು ದೊಡ್ಡಮ್ಮ.

"ದೊಡ್ಡಮ್ಮ, ನೀನು ಏಳಬಾರದು. ಮುಂದೆ ಬಾಗಬಾರದು. ನೀನು ಎದ್ದರೆ ನಾವೆಲ್ಲ ಹೋದೆವು."

"ಯಾಕೆ?"

"ನಿನ್ನ ತೂಕದಿಂದಲೇ ಗಾಡಿ ನಿಂತಿರುವುದು."

ಅವಳು ಸ್ವಲ್ಪ ಯೋಚಿಸಿದಳು. "ಈಗ ಒಪ್ಪಿಕೊಂಡಿರಲ್ಲ," ಎಂದಳು. ಆಮೇಲೆ ಕಣ್ಣು ಮುಚ್ಚಿ ದೇವಿಯ ಹೆಸರು ಹೇಳತೊಡಗಿದಳು. ಮಡಿಲಲ್ಲಿ ಹುರಿದ ನೆಲಗಡಲೆಯ ಪೊಟ್ಟಣ. ಒಂದು ಮುಷ್ಟಿ ಆಗಲೇ ಕೈಯಲ್ಲಿತ್ತು, ಬಾಯಿಗೆ ಹಾಕಲು ಧೈರ್ಯವಿಲ್ಲದೆ ಹಾಗೇ ಹಿಡಿದುಕೊಂಡಿದ್ದಳು.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. "ಮಾಫಿ ನೆಟ್‌ವರ್ಕ್," ಎಂದು ಸುಧಾಕರ ಅರ್ಧ ಅರಬ್ಬಿಯಲ್ಲಿ ಪಿಸುಗುಟ್ಟಿದ. ಹಮೀದಾಕ ಎರಡು ಬೆರಳಿನಿಂದ ಹಾರ್ನ್ ಒತ್ತಿದರು. ದೂರದ ದಿಬ್ಬದ ಮೇಲೆ ಒಂದು ಬಿಳಿ ಗಾಡಿ ನಿಂತಿತ್ತು. ಅದರ ಪಕ್ಕ ಚಾಪೆ ಹಾಸಿ ಕೂತಿದ್ದವರು ಎದ್ದು ನಿಂತು ಖುಷಿಯಿಂದ ನಮಗೆ ಕೈ ಬೀಸಿದರು. ಮರುಭೂಮಿಯಲ್ಲಿ ಹಾರ್ನ್ ಹೊಡೆಯುವುದೆಂದರೆ ಹಬ್ಬ. ಅವರು ಮತ್ತೆ ಕೈ ಬೀಸಿದರು. ನಾವು ನಾಲ್ವರೂ ಗೊಂಬೆಗಳ ಹಾಗೆ ಕೂತಿದ್ದೆವು.

ಮೂರನೆಯ ಹಾಡು ಮುಗಿಯಿತು. ಆಗ ಕೇಳಿಸಿತು: ಕಿರ್ರ್.

ಸುಧಾಕರ "ಅಮ್ಮಾ" ಎಂದ. ನಾನು ಕಣ್ಣು ಮುಚ್ಚಿದೆ. ಗಾಡಿಯ ಹೊಟ್ಟೆಯಡಿ ಮರಳು ಬಿಟ್ಟುಕೊಟ್ಟಿತೆಂದೇ ತಿಳಿದೆ.

"ಅದು ಸಿಡಿಯೊಳಗಿನ ಕುರ್ಚಿ," ಎಂದರು ಹಮೀದಾಕ. "ಪಿಯಾನೋದವನು ಸರಿಯಾಗಿ ಕೂತದ್ದು. ಐದನೆಯದರ ಮೊದಲು ಇನ್ನೊಮ್ಮೆ ಬರ್ತದೆ. ಹೆದರ್ಬೇಡಿ."

ತಪ್ಪುಗಳನ್ನು ತಿದ್ದದೆ ಬಿಡುವವರ ಬಗ್ಗೆ ಅಂದಿನಿಂದ ನನ್ನ ಅಭಿಪ್ರಾಯ ಇನ್ನಷ್ಟು ಕೆಟ್ಟಿದೆ.

ಅದೇ ಜಾಗ, ಐದನೇ ಹಾಡು

ಐದನೇ ಹಾಡನ್ನು ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆಂದು ಹೇಳಿದರೆ ನಂಬಲಿಕ್ಕಿಲ್ಲ. ಸಿಡಿಯಲ್ಲಲ್ಲ, ತಲೆಯಲ್ಲಿ. ತರಗತಿಯಲ್ಲಿ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ.

ಅದು ನಿಧಾನವಾಗಿ ಶುರುವಾಗುತ್ತದೆ. ಒಬ್ಬಳು ನಿಲ್ದಾಣದಲ್ಲಿ ನಿಂತು ಹೋಗಬೇಕೋ ಬೇಡವೋ ಎಂದು ಹಾಡುತ್ತಾಳೆ. ಆಮೇಲೆ ಅವಳ ಮಾತು ನಿಲ್ಲುತ್ತದೆ. ಸ್ಯಾಕ್ಸೊಫೋನ್ ಒಂದೇ ಸ್ವರವನ್ನು ಹಿಡಿದು ಮೇಲಕ್ಕೆ ಮೇಲಕ್ಕೆ ಎಳೆಯುತ್ತದೆ. ಅದರ ಕೆಳಗೆ ಡ್ರಮ್ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಬಿಡುವಿಲ್ಲದೆ, ಧಡಧಡಧಡ.

ನಮ್ಮಲ್ಲಿ ಇದಕ್ಕೆ ಒಂದೇ ಅರ್ಥ. ಗಟ್ಟಿಮೇಳ. ಮದುಮಗ ತಾಳಿ ಕಟ್ಟುತ್ತಿದ್ದಾನೆ. ಊಟದ ಹಾಲಿನಲ್ಲಿದ್ದವರೂ ಓಡಿ ಬರಬೇಕು, ಮಾತಾಡುತ್ತಿದ್ದವರು ನಿಲ್ಲಿಸಬೇಕು, ಕೈಯಲ್ಲಿರುವ ಅಕ್ಷತೆಯನ್ನು ಎಸೆಯಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕೈಗೇ ಗೊತ್ತಿರುತ್ತದೆ.

ದೊಡ್ಡಮ್ಮನ ಕಣ್ಣು ಮುಚ್ಚಿತ್ತು. ಬಾಯಲ್ಲಿ ದೇವಿಯ ಹೆಸರು. ಕೈಯಲ್ಲಿ ಒಂದು ಮುಷ್ಟಿ ನೆಲಗಡಲೆ. ಡ್ರಮ್ ಏರಿದ್ದೇ ತಡ, ಎಪ್ಪತ್ತೆರಡು ವರ್ಷದ ಅಭ್ಯಾಸ ಎದ್ದು ಕೂತಿತು. ಹಿಂದಿನ ಸಾಲಿನಿಂದ ಮಂಟಪಕ್ಕೆ ಎಸೆಯುವವರ ಹಾಗೆ ಮುಂದಕ್ಕೆ ಬಾಗಿ ಕೈ ಎತ್ತಿ ಎಸೆದೇಬಿಟ್ಟಳು.

ನೆಲಗಡಲೆ ಸುಧಾಕರನ ಬೋಳುತಲೆಗೆ ಬಡಿದು ಡ್ಯಾಶ್‌ಬೋರ್ಡಿನ ಮೇಲೆ ಚೆಲ್ಲಿತು. ಹಿಂದಿನ ಚಕ್ರ ನೆಲ ಬಿಟ್ಟಿತು. ಗಾಜಿನ ತುಂಬ ನೀರು. ನೆಲಗಡಲೆಗಳು ಒಂದೊಂದಾಗಿ ಉರುಳಿ ಗಾಜಿಗೆ ಬಂದು ಸಾಲಾಗಿ ನಿಂತವು. ಕೆಳಗಿನಿಂದ ಮರಳು ಜಾರುವ ಸುಯ್ ಎಂಬ ಸದ್ದು, ಇದು ಸಿಡಿಯದ್ದಲ್ಲ.

"ದೊಡ್ಡಮ್ಮಾ, ಹಿಂದೆ!"

ಅವಳು ಸೀಟಿಗೆ ಬಿದ್ದಳು. ಗಾಡಿ ನಿಧಾನವಾಗಿ, ಸೊಂಟ ನೋವಿರುವವರು ಏಳುವ ಹಾಗೆ, ಹಿಂದಕ್ಕೆ ಬಂತು. ಆದರೆ ಮೊದಲಿದ್ದಲ್ಲಿಗೆ ಬರಲಿಲ್ಲ. ಒಂದು ಗೇಣು ಮುಂದೆ ಜಾರಿಯಾಗಿತ್ತು.

ಆಮೇಲೆ ಹಮೀದಾಕ, ಮುಂದೆಯೇ ನೋಡುತ್ತ, "ಮದುವೆ ಆಯ್ತಾ ಅಮ್ಮ?" ಎಂದರು.

"ಯಾರಿಗೆ ಗೊತ್ತಿತ್ತು ಮಾರಾಯ್ರೆ," ಎಂದಳು ದೊಡ್ಡಮ್ಮ, ಅಳುವ ಧ್ವನಿಯಲ್ಲಿ. "ಅವನು ಹಾಗೆ ಊದಿದರೆ ನಾನೆಂತ ಮಾಡುವುದು?"

ಅದೇ ಜಾಗ, ಏಳನೇ ಹಾಡು

ಆರನೆಯದು ಮುಗಿದು, ತೊದಲುವ ಜಾಗ ಬಂದು, ತೊದಲದೆ ದಾಟಿತು. ಗಾಡಿ ಓರೆಯಾಗಿದ್ದಕ್ಕೋ ಏನೋ. ನನ್ನ ಫಿಸಿಕ್ಸಿನಲ್ಲಿ ಇದಕ್ಕೆ ಉತ್ತರವಿಲ್ಲ. ಪಿಯಾನೋ ಒಂದೇ ಶುರುವಾಯಿತು, ಮಕ್ಕಳು ಮೆಟ್ಟಿಲು ಇಳಿಯುವ ಹಾಗೆ.

"ಇದು ಏಳನೆಯದ್ದು!" ಎಂದರು ಹಮೀದಾಕ. "ಟೀಚರೇ, ಇದು ಏಳನೆಯದ್ದು!"

ಸಾಯುವ ಹೊತ್ತಿನಲ್ಲಿ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ನಾನು ಮಾತ್ರ ಲೆಕ್ಕದಲ್ಲಿದ್ದೆ. ಮುಂದಿನಿಂದ ಹಿಂದಕ್ಕೆ ಬರಬಹುದಾದ ತೂಕವೆಂದರೆ ಸುಧಾಕರ, ತೊಂಬತ್ತು ಕಿಲೋ. "ಸುಧಾಕರ, ನೀವು ಸೀಟಿನ ನಡುವಿನಿಂದ ಹಿಂದೆ ಬರಬೇಕು. ನಮ್ಮನ್ನೂ ದಾಟಿ ಹಿಂದಿನ ಡಿಕ್ಕಿಯವರೆಗೆ. ಒಂದು ಸಲಕ್ಕೆ ಒಂದು ಅಂಗುಲ."

"ಅಕ್ಕ, ಬೆಲ್ಟ್ ತೆಗೆಯುವಾಗ ಟಕ್ ಅಂತದೆ."

"ಮೆಲ್ಲ ತೆಗೆಯಿರಿ."

ಏಳನೇ ಹಾಡು ಪೂರ್ತಿ ಅವನು ಬೆಲ್ಟ್ ತೆಗೆದ. ಎಂಟನೆಯದರಲ್ಲಿ ಸೀಟುಗಳ ನಡುವೆ ತಲೆ ತೂರಿಸಿದ, ಹೊಟ್ಟೆ ಸಿಕ್ಕಿಕೊಂಡಿತು, ದೊಡ್ಡಮ್ಮ "ಉಸಿರು ಬಿಡು ಮಗಾ, ಪೂರ್ತಿ ಬಿಡು" ಎಂದಳು, ಹೆರಿಗೆ ಮಾಡಿಸುವವರ ಹಾಗೆ. ಅವನು ನಮ್ಮಿಬ್ಬರ ಹೆಗಲ ಮೇಲಿಂದ ತೆವಳಿ, ಬೆನ್ನ ಹಿಂದಿನ ನೀರಿನ ಕ್ಯಾನುಗಳ ಮೇಲೆ ತಲೆಕೆಳಗಾಗಿ ಬಿದ್ದ. ಗಾಡಿಯ ಹಿಂಭಾಗ ಎರಡು ಬೆರಳಷ್ಟು ಇಳಿಯಿತು. ಗಾಜಿನಲ್ಲಿ ಆಕಾಶ ಬಂತು.

ಈಗ ಮುಂದೆ ಇದ್ದವರು ಹಮೀದಾಕ ಒಬ್ಬರೇ.

"ನೀವೂ ಬನ್ನಿ ಹಮೀದಾಕ," ಎಂದ ಸುಧಾಕರ ಕ್ಯಾನುಗಳ ನಡುವಿನಿಂದ.

"ಕಾಲು ತೆಗೆದರೆ ಗಾಡಿ ಹೋಗ್ತದೆ."

"ಬಾಗಿಲು ತೆಗೆದು ಹಾರಿ."

"ನಾನು ಹಾರಬಹುದು. ನೀವು ಮೂವರು?" ಎಂದವರು ಸ್ವಲ್ಪ ತಡೆದು, "ಮೂವತ್ತು ವರ್ಷದ ಹಿಂದೆಯೂ ಪ್ಯಾಸೆಂಜರ್ ಬಿಟ್ಟು ಇಳಿದವನಲ್ಲ ನಾನು. ಮಾತು ನಿಲ್ಲಿಸು, ಹಾಡು ಕೇಳ್ಲಿ," ಎಂದರು.

ಅವರ ಬೆನ್ನು ನನ್ನ ಎದುರಿಗೇ ಇತ್ತು. ಜನವರಿಯ ತಣ್ಣನೆಯ ಬೆಳಿಗ್ಗೆ. ಅಂಗಿ ಪೂರ್ತಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

ಹಗ್ಗದ ತುದಿ

ನಮ್ಮನ್ನು ಉಳಿಸಿದ್ದು ನಾವು ಕೈ ಬೀಸದೆ ಇದ್ದದ್ದು. ದೂರದ ದಿಬ್ಬದಲ್ಲಿ ಎದ್ದು ನಿಂತು ಎರಡು ಸಲ ಕೈ ಬೀಸಿದವರಲ್ಲಿ ಒಬ್ಬ ಕತಾರಿ ಯುವಕ. ಸಲಾಮಿಗೆ ಮರು ಸಲಾಮು ಕೊಡದ ಜನರನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಅರ್ಧ ಗಂಟೆ ತಡೆದುಕೊಂಡನಂತೆ. ಆಮೇಲೆ ಇವರು ಯಾವ ಸೀಮೆಯವರು ಎಂದು ವಿಚಾರಿಸಲು ಬಿಳಿ ಗಾಡಿ ಹತ್ತಿ ಬಂದ.

ಬಿಳಿಯ ನಿಲುವಂಗಿ, ಬರಿಗಾಲು. ಹಮೀದಾಕನ ಕಿಟಕಿಯ ಬಳಿ, ಇಳಿಜಾರಿನಲ್ಲಿ ಪಾದ ಊರಿ ನಿಂತು, ಎದೆಗೆ ಕೈಯಿಟ್ಟು ಶುರುಮಾಡಿದ. ಸಲಾಮ್ ಅಲೈಕುಂ. ಹೇಗಿದ್ದೀರಿ? ಆರೋಗ್ಯವೇ? ಮನೆಯವರು ಹೇಗಿದ್ದಾರೆ? ಮಕ್ಕಳು? ಕೆಲಸಕಾರ್ಯ? ಏನು ಸಮಾಚಾರ? ಅಲ್ಲಿ ಇದನ್ನೆಲ್ಲ ಕೇಳದೆ ವಿಷಯಕ್ಕೆ ಬರುವುದು ಕಾಡುಜನರ ಲಕ್ಷಣ. ಉತ್ತರ ಕೊಡದೆ ಇರುವುದೂ ಹಾಗೆಯೇ. ಪಾತಾಳದ ಮೇಲೆ ತೂಗುತ್ತ, ಬ್ರೇಕಿನ ಮೇಲೆ ಕಾಲಿಟ್ಟು, ಹಮೀದಾಕ ಪ್ರತಿಯೊಂದಕ್ಕೂ "ಅಲ್ ಹಮ್ದುಲಿಲ್ಲಾ, ಚೆನ್ನಾಗಿದ್ದೇವೆ" ಎಂದರು. ತಿರುಗಿ ಅವನ ಮನೆಯವರನ್ನೂ ವಿಚಾರಿಸಿದರು. ಎಲ್ಲ ಮುಗಿದ ಮೇಲೆ, ಅದೇ ಧ್ವನಿಯಲ್ಲಿ, ನಾವು ಬೀಳುತ್ತಿದ್ದೇವೆ ಎಂದು ತಿಳಿಸಿದರು.

ಯುವಕ ಬಗ್ಗಿ ಚಕ್ರ ನೋಡಿದ. ಹಿಂದಿನ ಕಿಟಕಿಯಲ್ಲಿ ದೊಡ್ಡಮ್ಮನನ್ನು ನೋಡಿದ. "ಮಾಶಾ ಅಲ್ಲಾ," ಎಂದ. ಅರ್ಥ ಹೇಳಬೇಕಾಗಿರಲಿಲ್ಲ. ಅವನು ಫಿಸಿಕ್ಸ್ ಓದಿದ್ದನೋ ಇಲ್ಲವೋ, ಲೆಕ್ಕ ಒಂದೇ ನೋಟಕ್ಕೆ ತಿಳಿದಿತ್ತು.

ಅವನ ಹಗ್ಗ ನಮ್ಮ ಗಾಡಿಯ ಹಿಂದಿನ ಕೊಂಡಿಗೆ ಬಿತ್ತು. ಅವನು ತನ್ನ ಗಾಡಿಯೊಳಗೆ ಕೂತು ಕೈ ಎತ್ತಿದ: ಯಲ್ಲಾ!

ಇನ್ನು ಹಮೀದಾಕ ಬ್ರೇಕ್ ಬಿಡಬೇಕು. ಬಿಟ್ಟರೆ ಹಗ್ಗ ಹಿಡಿಯಬೇಕು. ಒಂಬತ್ತನೇ ಹಾಡು ಶುರುವಾಗಿತ್ತು. ಅದರಲ್ಲಿ ಸ್ಯಾಕ್ಸೊಫೋನ್ ಇಲ್ಲ, ಡ್ರಮ್ ಇಲ್ಲ, ಅವಳ ಧ್ವನಿ ಮತ್ತು ಒಂದು ದಪ್ಪ ತಂತಿಯ ಗುಮ್ ಗುಮ್ ಮಾತ್ರ. ಹಮೀದಾಕ ಬಿಸ್ಮಿಲ್ಲಾ ಎಂದರು. ದೊಡ್ಡಮ್ಮ ದೇವಿಯನ್ನು ಕರೆದಳು. ಕಾಲು ಎದ್ದಿತು.

ಗಾಡಿ ಮುಂದಕ್ಕೆ ಹೋಯಿತು. ಹಿಂದಕ್ಕಲ್ಲ, ಮುಂದಕ್ಕೆ. ಹಗ್ಗದ ಸಡಿಲ ಮುಗಿಯುವವರೆಗಿನ ಆ ಒಂದು ಮೊಳ ನನ್ನ ಲೆಕ್ಕದಲ್ಲಿರಲಿಲ್ಲ. ನೀರು, ಮತ್ತೂ ನೀರು. ಆಮೇಲೆ ಹಗ್ಗ ಫಟ್ಟೆಂದು ಬಿಗಿಯಿತು, ಕುತ್ತಿಗೆ ಹಿಂದಕ್ಕೆ ಬಡಿಯಿತು, ಗಾಡಿಯ ಹೊಟ್ಟೆ ಮರಳನ್ನು ಉಜ್ಜುತ್ತ, ಗೊರಗೊರ ಎನ್ನುತ್ತ, ಆಕಾಶದ ಕಡೆಗೆ ಬಂತು.

ಸಪಾಟು ನೆಲ

ದಿಬ್ಬದ ಬುಡದ ಗಟ್ಟಿ ನೆಲದಲ್ಲಿ ಗಾಡಿ ನಿಂತಿತು. ಹಮೀದಾಕ ಇಂಜಿನ್ ಆರಿಸಲಿಲ್ಲ. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಒಂಬತ್ತನೆಯದನ್ನು ಕೊನೆಯವರೆಗೆ ಕೇಳಿದರು. ಹಾಡು ಮುಗಿದಾಗ ಅವಳು ನಕ್ಕಳು, ಕೋಣೆಯಲ್ಲಿದ್ದ ಯಾರನ್ನೋ, "ಆಯಿತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟೇ.

"ಇಷ್ಟೆಯಾ!" ಎಂದರು ಹಮೀದಾಕ. "ಆರು ವರ್ಷ ಕಾದದ್ದು ಇದಕ್ಕಾ!" ಕೀ ತಿರುಗಿಸಿ ಇಳಿಯಹೋದವರ ಬಲಗಾಲು ನಿಲ್ಲಲಿಲ್ಲ. ಮರಳಲ್ಲೇ ಕೂತುಬಿಟ್ಟರು. ಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತಿತ್ತು. ಯುವಕ ನೀರು ತಂದ. ಸುಧಾಕರ ಡಿಕ್ಕಿಯಿಂದ ಉರುಳಿ ಬಂದು ಅವರ ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತ. ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಸರಿಯಾಗಿ ಕಾಣಿಸಲಿಲ್ಲ.

ದೊಡ್ಡಮ್ಮ ಮಾತ್ರ ಇಳಿಯಲಿಲ್ಲ.

"ಇಳಿಯಿರಿ ಅಮ್ಮ," ಎಂದರು ಹಮೀದಾಕ. "ಇನ್ನು ಹೆದರಿಕೆ ಇಲ್ಲ."

"ನಾನು ಸ್ವಲ್ಪ ಕೂತ್ಕೊಳ್ತೇನೆ. ನೀವು ನೀರು ಕುಡಿಯಿರಿ."

"ಪಾಪ, ತುಂಬ ಹೆದರಿದ್ದಾರೆ," ಎಂದ ಸುಧಾಕರ ನನ್ನ ಕಡೆ ನೋಡಿ. ತಿಳಿದವಳ ಹಾಗೆ ನಾನೂ ತಲೆಯಾಡಿಸಿದೆ. ಅವಳ ಪಕ್ಕದಲ್ಲೇ ಕೂತು, ತರಗತಿಯಲ್ಲಿ ಕೊನೆಯ ಬೆಂಚಿನವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ: "ದೊಡ್ಡಮ್ಮ, ಈಗ ನಾಲ್ಕೂ ಚಕ್ರ ನೆಲದ ಮೇಲಿದೆ. ಇದು ಸ್ಥಿರ ಸಮತೋಲ. ನೀನು ಎದ್ದರೆ ಗಾಡಿಗೆ ಏನೂ ಆಗುವುದಿಲ್ಲ. ಹೆದರಿಕೆಯಾಗುವುದು ಸಹಜ, ಆದರೆ ಈಗ ಕಾರಣವಿಲ್ಲ."

ಅವಳು ಎಲ್ಲವನ್ನೂ ಕೇಳಿದಳು. ಗಂಡಸರು ಆ ಕಡೆ ತಿರುಗುವವರೆಗೆ ಕಾದಳು. ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಅದು ನನಗೂ ಗೊತ್ತಾಗ್ತದೆ ಮಗಾ. ಅವರ ಎದುರು ಬೇಡ ಅಂತ ಸುಮ್ಮನಿದ್ದೆ. ಇನ್ನು ನನ್ನ ಸೆರಗು ಬಿಡು."

ಕೆಳಗೆ ನೋಡಿದೆ. ಅವಳ ಸೆರಗು ನನ್ನ ಬಲಮುಷ್ಟಿಯೊಳಗೆ ಹಗ್ಗದಂತೆ ಸುತ್ತಿತ್ತು. ಯಾವ ಹಾಡಿನಲ್ಲಿ ಹಿಡಿದೆನೋ ತಿಳಿಯದು. ಬಿಡುತ್ತೇನೆ ಎಂದೆ. ಬೆರಳುಗಳು ಬಿಡಲಿಲ್ಲ. ದೊಡ್ಡಮ್ಮ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸಿದಳು.